ಸ್ಪ್ಯಾನಿಷ್ ಕಂಡಿಷನಲ್: ಆನೆಗೊಂದಿಯ ಒಬ್ಬ ಗೈಡ್ ಹೇಳಿಕೊಡುವ ರೀತಿ

ಸ್ಪ್ಯಾನಿಷ್ ಕ್ರಿಯಾಪದದ ಒಂದು ರೂಪಕ್ಕೆ ಕಂಡಿಷನಲ್ ಅಂತ ಹೆಸರು. ಆ ಹೆಸರು ಕೇಳಿದ ಕೂಡಲೇ ನಮ್ಮ ಕಡೆಯ ಹುಡುಗರು ದಾರಿ ತಪ್ಪುತ್ತಾರೆ. ಕಂಡಿಷನ್ ಅಂದ್ರೆ ಷರತ್ತು. ಷರತ್ತು ಅಂದ್ರೆ ಕನ್ನಡದ ‘ರೆ’. ಬಂದರೆ, ಹೋದರೆ, ಇದ್ದರೆ. ಹಾಗಾಗಿ ಸ್ಪ್ಯಾನಿಷ್‌ನಲ್ಲೂ ‘ರೆ’ ಬರುವ ಜಾಗದಲ್ಲಿ ಕಂಡಿಷನಲ್ ಹಾಕಿಬಿಡುತ್ತಾರೆ. ಇದು ಪೂರ್ತಿ ಉಲ್ಟಾ. ‘ದುಡ್ಡು ಇದ್ದರೆ ಹೋಗುತ್ತಿದ್ದೆ’ ಅನ್ನುವ ಮಾತಿನಲ್ಲಿ ಕಂಡಿಷನಲ್ ಕೂರುವುದು ‘ಹೋಗುತ್ತಿದ್ದೆ’ ಮೇಲೆ. ‘ಇದ್ದರೆ’ಗೆ ಬೇರೆಯೇ ರೂಪ ಇದೆ, ಅದಕ್ಕೆ ಆಮೇಲೆ ಬರುತ್ತೇನೆ.

ನಾನು ಆನೆಗೊಂದಿಯಲ್ಲಿ ಗೈಡ್. ನವೆಂಬರ್‌ನಿಂದ ಫೆಬ್ರವರಿವರೆಗೆ ಹಂಪಿ ನೋಡಿಕೊಂಡು ಹೊಳೆ ದಾಟಿ ಈ ಕಡೆ ಬರುವವರಲ್ಲಿ ಸ್ಪೇನ್, ಮೆಕ್ಸಿಕೊ, ಅರ್ಜೆಂಟೀನಾದವರೂ ಇರುತ್ತಾರೆ. ಸಾಣಾಪುರದ ಬಂಡೆ ಹತ್ತಲಿಕ್ಕೆ ಅಂತಲೇ ಬರುವವರೂ ಇದ್ದಾರೆ. ರಾತ್ರಿ ಊಟ ಆದ ಮೇಲೆ ನಮ್ಮ ಮನೆ ಪಡಸಾಲೆಯಲ್ಲಿ ಸುತ್ತಲಿನ ಹುಡುಗ ಹುಡುಗಿಯರಿಗೆ ನಾನು ಸ್ಪ್ಯಾನಿಷ್ ಹೇಳಿಕೊಡುತ್ತೇನೆ. ಅಲ್ಲಿ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ವರ್ತಮಾನ ಮತ್ತು ಭೂತಕಾಲದ ರೂಪಗಳು ನಿಮಗೆ ಸ್ವಲ್ಪ ಗೊತ್ತಿವೆ ಅಂದುಕೊಂಡಿದ್ದೇನೆ.

ಸ್ಪ್ಯಾನಿಷ್ ಪದಗಳನ್ನು ಕಿವಿಗೆ ಕೇಳುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಅವರ ಬರಹದಲ್ಲಿ ಎಚ್ ಅಕ್ಷರ ಇದ್ದರೂ ಬಾಯಲ್ಲಿ ಬರುವುದಿಲ್ಲ. ವಿ ಅಕ್ಷರವನ್ನು ಬ ಅಂತಲೇ ಅನ್ನುತ್ತಾರೆ. ತ ಮತ್ತು ದ ನಮ್ಮವೇ. ಇಂಗ್ಲಿಷ್‌ನ ಟ, ಡ ತಂದು ಹಾಕಬೇಡಿ.

ರೂಪ ಕಟ್ಟುವುದು

ಇದು ಸ್ಪ್ಯಾನಿಷ್‌ನ ಅತಿ ಸುಲಭದ ಕೆಲಸಗಳಲ್ಲಿ ಒಂದು. ಭವಿಷ್ಯತ್ ಬಿಟ್ಟರೆ ಬೇರೆ ಕಾಲಗಳಲ್ಲಿ ಸಾಮಾನ್ಯವಾಗಿ ಕ್ರಿಯಾಪದದ ಬಾಲ ಕತ್ತರಿಸಿ ಹೊಸದನ್ನು ಅಂಟಿಸಬೇಕು. ಇಲ್ಲಿ ಕತ್ತರಿಸುವ ಮಾತೇ ಇಲ್ಲ. ಮೂಲ ರೂಪವನ್ನು ಇಡಿಯಾಗಿ ಇಟ್ಟುಕೊಂಡು ಅದರ ಹಿಂದೆ ಸೇರಿಸುತ್ತಾ ಹೋಗುವುದು. ಆರ್, ಎರ್, ಇರ್ ಎಂದು ಕೊನೆಯಾಗುವ ಮೂರು ಗುಂಪಿಗೂ ಪ್ರತ್ಯಯ ಒಂದೇ. ಮಾತಾಡು ಅನ್ನಲು ಅಬ್ಲಾರ್. ಅದು ಹೀಗೆ ಆಗುತ್ತದೆ:

ಯೊ ಅಬ್ಲರೀಯ (ನಾನು)
ತು ಅಬ್ಲರೀಯಸ್ (ನೀನು)
ಎಲ್, ಎಯ, ಉಸ್ತೆದ್ ಅಬ್ಲರೀಯ (ಅವನು, ಅವಳು, ತಾವು)
ನೊಸೊತ್ರೊಸ್ ಅಬ್ಲರೀಯಮೊಸ್ (ನಾವು)
ಬೊಸೊತ್ರೊಸ್ ಅಬ್ಲರೀಯಯಿಸ್ (ನೀವೆಲ್ಲ, ಸ್ಪೇನ್‌ನಲ್ಲಿ ಮಾತ್ರ)
ಎಯೊಸ್, ಉಸ್ತೆದೆಸ್ ಅಬ್ಲರೀಯನ್ (ಅವರು, ತಾವೆಲ್ಲ)

ತಿನ್ನು ಅನ್ನುವ ಕೊಮೆರ್ ಕೊಮೆರೀಯ ಆಗುತ್ತದೆ, ಬದುಕು ಅನ್ನುವ ಬಿಬಿರ್ ಬಿಬಿರೀಯ ಆಗುತ್ತದೆ. ಒತ್ತು ಯಾವಾಗಲೂ ‘ರೀ’ ಮೇಲೆ. ಬರೆಯುವಾಗ ಆ ಈ ಸ್ವರದ ತಲೆಯ ಮೇಲೆ ಒಂದು ಓರೆ ಗೆರೆ, ಆರೂ ರೂಪಗಳಲ್ಲಿ, ತಪ್ಪದೆ. ಮೊಬೈಲ್‌ನಲ್ಲಿ ಟೈಪ್ ಮಾಡುವಾಗ ಹುಡುಗರು ಅದನ್ನು ಬಿಡುತ್ತಾರೆ. ಸ್ಪ್ಯಾನಿಷ್ ಜನ ಅರ್ಥ ಮಾಡಿಕೊಳ್ಳುತ್ತಾರೆ, ಆದರೆ ಪರೀಕ್ಷೆಯಲ್ಲಿ ಅಂಕ ಹೋಗುತ್ತದೆ.

ನಾನು ಮತ್ತು ಅವನು ಎರಡಕ್ಕೂ ಅಬ್ಲರೀಯ ಒಂದೇ. ಗೊಂದಲ ಆಗುವ ಕಡೆ ಯೊ ಅಥವಾ ಎಲ್ ಸೇರಿಸಿ, ಸಾಕು.

ಈ ‘ಈಯ’ ಎಲ್ಲಿಂದ ಬಂತು ಗೊತ್ತಾ? ಅಬೆರ್ ಅನ್ನುವ ಸಹಾಯಕ ಕ್ರಿಯಾಪದದ ಹಳೆಯ ಭೂತಕಾಲ ಅಬೀಯ. ಅಬ್ಲಾರ್ ಹಿಂದೆ ಅಬೀಯ ಬಂದು ನಿಂತು, ಸವೆದು, ಕೊನೆಗೆ ಅಬ್ಲರೀಯ ಆಯಿತು. ಅಂದರೆ ಈ ರೂಪದ ಹೊಟ್ಟೆಯೊಳಗೆ ಒಂದು ಭೂತಕಾಲ ಕೂತಿದೆ. ಮುಂದೆ ಇದು ಉಪಯೋಗಕ್ಕೆ ಬರುತ್ತದೆ.

ತಂಟೆ ಮಾಡುವ ಹನ್ನೆರಡು

ಮೂಲ ರೂಪ ಸ್ವಲ್ಪ ಮುರಿಯುವ ಮುಖ್ಯ ಕ್ರಿಯಾಪದಗಳು 12. ಪ್ರತ್ಯಯ ಅದೇ, ಬುಡ ಮಾತ್ರ ಬೇರೆ. ಭವಿಷ್ಯತ್ ಕಾಲದಲ್ಲೂ ಇದೇ 12 ಇದೇ ರೀತಿ ಮುರಿಯುತ್ತವೆ, ಹಾಗಾಗಿ ಒಮ್ಮೆ ಕಲಿತರೆ ಎರಡು ಕಾಲಕ್ಕೆ ಆಯಿತು.

ಐದರಲ್ಲಿ ನಡುವಿನ ಎ ಸ್ವರ ಬಿದ್ದುಹೋಗುತ್ತದೆ: ಪೊದೆರ್ (ಆಗು, ಸಾಧ್ಯವಾಗು) ಪೊದ್ರೀಯ, ಸಬೆರ್ (ತಿಳಿ) ಸಬ್ರೀಯ, ಅಬೆರ್ ಅಬ್ರೀಯ, ಕೆರೆರ್ (ಬೇಕು) ಕೆರ್ರೀಯ, ಕಬೆರ್ (ಹಿಡಿಸು) ಕಬ್ರೀಯ. ಇನ್ನೈದರಲ್ಲಿ ಆ ಸ್ವರದ ಜಾಗಕ್ಕೆ ದ ಬಂದು ಕೂರುತ್ತದೆ: ತೆನೆರ್ (ಹೊಂದಿರು) ತೆಂದ್ರೀಯ, ಬೆನಿರ್ (ಬಾ) ಬೆಂದ್ರೀಯ, ಪೊನೆರ್ (ಇಡು) ಪೊಂದ್ರೀಯ, ಸಲಿರ್ (ಹೊರಡು) ಸಲ್ದ್ರೀಯ, ಬಲೆರ್ (ಬೆಲೆಬಾಳು) ಬಲ್ದ್ರೀಯ. ಉಳಿದ ಎರಡು ಕುಗ್ಗಿಹೋಗುತ್ತವೆ: ಅಸೆರ್ (ಮಾಡು) ಅರೀಯ, ದೆಸಿರ್ (ಹೇಳು) ದಿರೀಯ.

ತೆಂದ್ರೀಯ ಅಂದಾಗಲೆಲ್ಲ ನಮ್ಮ ಪಡಸಾಲೆಯಲ್ಲಿ ಯಾರಾದರೂ ಒಬ್ಬರು ‘ಏನು ತಂದ್ರಿ?’ ಅಂತ ಕೇಳಿ ನಗಿಸುತ್ತಾರೆ. ನಗಲಿ ಬಿಡಿ.

ಕೆರ್ರೀಯ ಹೇಳುವಾಗ ಮಾತ್ರ ನಾಲಿಗೆ ಎಚ್ಚರ. ‘ಗಿರ್ರನೆ ತಿರುಗಿತು’ ಅನ್ನುವಾಗಿನ ರ್ರ ಬರಬೇಕು. ಒಂದೇ ರ ಹಾಕಿ ಕೆರೀಯ ಅಂದರೆ ಅದು ಕಂಡಿಷನಲ್ ಆಗಿ ಉಳಿಯುವುದಿಲ್ಲ, ‘ಬೇಕಿತ್ತು’ ಅನ್ನುವ ಭೂತಕಾಲ ಆಗುತ್ತದೆ. ತಮಾಷೆ ಏನಂದ್ರೆ, ಅಂಗಡಿಯಲ್ಲಿ ಕೇಳುವಾಗ ಆ ಕೆರೀಯ ಕೂಡ ನಡೆಯುತ್ತದೆ. ‘ಕೆರೀಯ ಉನ್ ಕಫೆ’ ಅಂದರೆ ನಾವು ‘ಒಂದು ಕಾಫಿ ಬೇಕಿತ್ತು’ ಅನ್ನುವ ಹಾಗೇ. ಬೇಕಾಗಿರುವುದು ಈಗ, ಆದರೆ ಸಂಕೋಚಕ್ಕೆ ಭೂತಕಾಲ. ಎರಡೂ ಭಾಷೆಗೆ ಈ ಬುದ್ಧಿ ಬಂದಿದೆ.

ಕನ್ನಡದವರಿಗೇ ಇರುವ ಹಳ್ಳ

ಇಂಗ್ಲಿಷ್‌ನಲ್ಲಿ ಬರೆದ ಪುಸ್ತಕಗಳು ಇದನ್ನು ಹೇಳುವುದಿಲ್ಲ, ಅವು ನಮಗಾಗಿ ಬರೆದವಲ್ಲ. ನಮ್ಮ ‘ಹೋಗುತ್ತಿದ್ದೆ’ ಎರಡು ಕೆಲಸ ಮಾಡುತ್ತದೆ. ‘ಚಿಕ್ಕವನಿದ್ದಾಗ ಹೊಳೆಗೆ ಹೋಗುತ್ತಿದ್ದೆ’. ಇದು ನಿಜವಾಗಿ ನಡೆದದ್ದು, ರೂಢಿ. ‘ಬಿಸಿಲು ಇಲ್ಲದಿದ್ದರೆ ಹೊಳೆಗೆ ಹೋಗುತ್ತಿದ್ದೆ’. ಇದು ನಡೆಯದೇ ಇರುವುದು. ಒಂದಕ್ಷರ ವ್ಯತ್ಯಾಸ ಇಲ್ಲ. ಸ್ಪ್ಯಾನಿಷ್ ಇವನ್ನು ಎರಡು ಮಾಡುತ್ತದೆ. ಮೊದಲನೆಯದಕ್ಕೆ ಇಬ, ಎರಡನೆಯದಕ್ಕೆ ಇರೀಯ.

ಇನ್ನೂ ಕಷ್ಟ ಏನೆಂದರೆ ಎರ್ ಮತ್ತು ಇರ್ ಗುಂಪಿನಲ್ಲಿ ರೂಢಿಯ ಭೂತಕಾಲಕ್ಕೂ ಬಾಲ ‘ಈಯ’ನೇ. ಕೊಮೀಯ ಅಂದರೆ (ದಿನಾ) ತಿನ್ನುತ್ತಿದ್ದೆ. ಕೊಮೆರೀಯ ಅಂದರೆ (ಸಿಕ್ಕಿದ್ದರೆ) ತಿನ್ನುತ್ತಿದ್ದೆ. ನಡುವೆ ಇರುವುದು ‘ಎರ್’ ಒಂದೇ. ಅದನ್ನು ನುಂಗಿದರೆ ಎದುರಿಗಿದ್ದವರು ಬೇರೆ ಕಥೆ ಕೇಳಿಸಿಕೊಳ್ಳುತ್ತಾರೆ.

ನಾನು ಹೇಳಿಕೊಡುವ ಪರೀಕ್ಷೆ ಇಷ್ಟೇ. ಬಾಯಿ ತೆರೆಯುವ ಮುಂಚೆ ನಿಮ್ಮ ಕನ್ನಡ ವಾಕ್ಯದೊಳಗೆ ‘ದಿನಾ’ ಅಂತ ಸೇರಿಸಿ ನೋಡಿ. ಸರಿಯಾಗಿ ಕೂತರೆ ಇಬ, ಕೊಮೀಯ ಕಡೆಯದು. ‘ಆಗಿದ್ದರೆ’ ಅಂತ ಮನಸ್ಸು ಎಳೆದರೆ ಇರೀಯ, ಕೊಮೆರೀಯ ಕಡೆಯದು. ಸ್ಪೇನ್‌ನವರೇ ಮನೆಮಾತಿನಲ್ಲಿ ಕೆಲವು ಸಲ ಕಂಡಿಷನಲ್ ಬದಲು ಈ ಭೂತಕಾಲ ಬಳಸುತ್ತಾರೆ, ಥೇಟ್ ನಮ್ಮ ಹಾಗೆ. ಅದನ್ನು ಕೇಳಿ ಗಾಬರಿ ಆಗಬೇಡಿ, ಕಲಿಯುವ ಹೊತ್ತಿನಲ್ಲಿ ನಕಲು ಮಾಡಲೂ ಬೇಡಿ.

ದಿನಾ ಬೇಕಾಗುವ ಬಳಕೆ: ಕೇಳುವುದು, ಸಲಹೆ ಕೊಡುವುದು

ಗೈಡ್ ಕೆಲಸಕ್ಕೆ ಮೊದಲು ಬಾಯಿಗೆ ಬರಬೇಕಾದ್ದು ಪೊದ್ರೀಯ. ‘ಪೊದ್ರೀಯ ಎಸ್ಪೆರಾರ್ ಉನ್ ಮೊಮೆಂತೊ?’ ಅಂದರೆ ಸ್ವಲ್ಪ ಕಾಯ್ತೀರಾ? ವಯಸ್ಸಾದವರಿಗೆ, ಹೊಸಬರಿಗೆ ಪೊದ್ರೀಯ. ಬಂಡೆ ಹತ್ತಲು ಬಂದ ಇಪ್ಪತ್ತೈದರ ಹುಡುಗರಿಗೆ ಪೊದ್ರೀಯಸ್. ಬಳ್ಳಾರಿ, ರಾಯಚೂರು, ಕೊಪ್ಪಳದ ನಮಗೆ ಮರ್ಯಾದೆ ಅಂದರೆ ಮಾತಿನ ಕೊನೆಗೆ ಒಂದು ‘ರಿ’. ಬರ್ರಿ, ಕೂಡ್ರಿ, ನೀರು ಕೊಡ್ರಿ. ಸ್ಪ್ಯಾನಿಷ್‌ನವರು ಅದೇ ಮರ್ಯಾದೆಯನ್ನು ಪದದ ಒಳಗೆ ‘ರೀ’ ಅಂತ ಸೇರಿಸುತ್ತಾರೆ ಅಂತ ನಾನು ಹುಡುಗರಿಗೆ ಹೇಳುತ್ತೇನೆ. ಎರಡಕ್ಕೂ ಯಾವ ಸಂಬಂಧವೂ ಇಲ್ಲ, ಸುಮ್ನೆ ಕಾಕತಾಳೀಯ. ಆದರೆ ನೆನಪಿನಲ್ಲಿ ಉಳಿಯುತ್ತದೆ.

ಮೆ ಗುಸ್ತರೀಯ (ನನಗೆ ಇಷ್ಟ ಆಗುತ್ತಿತ್ತು, ಅಂದರೆ ನನಗೆ ಬೇಕಿತ್ತು) ನಮಗೆ ಬಹಳ ಸಲೀಸು. ಇಂಗ್ಲಿಷ್‌ನವರು ಇದರಲ್ಲಿ ಒದ್ದಾಡುತ್ತಾರೆ, ಏಕೆಂದರೆ ಅವರಲ್ಲಿ ‘ನಾನು’ ಇಷ್ಟಪಡುತ್ತೇನೆ. ನಮ್ಮಲ್ಲಿ ‘ನನಗೆ’ ಇಷ್ಟ. ಸ್ಪ್ಯಾನಿಷ್‌ನಲ್ಲೂ ‘ನನಗೆ’ನೇ. ‘ಮೆ ಗುಸ್ತರೀಯ ಉನ್ ತೆ’ ಅಂದರೆ ಒಂದು ಟೀ ಬೇಕಿತ್ತು. ಎರಡು ಟೀ ಆದರೆ ಕ್ರಿಯಾಪದ ಟೀ ಜೊತೆ ಹೋಗಿ ಗುಸ್ತರೀಯನ್ ಆಗುತ್ತದೆ. ಹಿಂದೆ ಇನ್ನೊಂದು ಕ್ರಿಯಾಪದ ಬಂದರೆ ಗುಸ್ತರೀಯನೇ: ‘ಮೆ ಗುಸ್ತರೀಯ ಸುಬಿರ್’, ನನಗೆ ಹತ್ತಬೇಕು ಅನ್ನಿಸಿದೆ.

ಸಲಹೆಗೆ ಎರಡು ದಾರಿ. ಒಂದು ದೆಬೆರೀಯಸ್, ಮಾಡಬೇಕು ಅನ್ನುವುದರ ಮೆತ್ತನೆಯ ರೂಪ. ಏಪ್ರಿಲ್‌ನಲ್ಲಿ ಅಂಜನಾದ್ರಿಯ 575 ಮೆಟ್ಟಿಲು ಹತ್ತಲು ಬರಿಗೈಯಲ್ಲಿ ಹೊರಟವರಿಗೆ ‘ದೆಬೆರೀಯಸ್ ಯೆಬಾರ್ ಆಗ್ವ’ ಅನ್ನಬೇಕು. ನೀರು ತಗೊಂಡು ಹೋದರೆ ಒಳ್ಳೆಯದು. ವರ್ತಮಾನದ ದೆಬೆಸ್ ಹಾಕಿದರೆ ಅಪ್ಪಣೆ ಕೊಟ್ಟ ಹಾಗೆ ಕೇಳುತ್ತದೆ.

ಇನ್ನೊಂದು ನನಗೆ ತುಂಬಾ ಇಷ್ಟವಾದದ್ದು: ‘ಯೊ ಕೆ ತು’. ನಿನ್ನ ಜಾಗದಲ್ಲಿ ನಾನಿದ್ದರೆ. ಅದರ ಹಿಂದೆ ನೇರವಾಗಿ ಕಂಡಿಷನಲ್. ಮಳೆಗಾಲದಲ್ಲಿ ಡ್ಯಾಂನಿಂದ ನೀರು ಬಿಟ್ಟು ಹೊಳೆ ತುಂಬಿದಾಗ ಹರಿಗೋಲು ನಿಲ್ಲಿಸುತ್ತಾರೆ. ಆದರೂ ಯಾರನ್ನಾದರೂ ಪುಸಲಾಯಿಸಿ ದಾಟಬಹುದಾ ಅಂತ ಕೇಳುವವರು ಇರುತ್ತಾರೆ. ಅವರಿಗೆ ‘ಯೊ ಕೆ ತು, ನೊ ಕ್ರುಸರೀಯ ಓಯ್’. ನಾನಾಗಿದ್ದರೆ ಇವತ್ತು ದಾಟುತ್ತಿರಲಿಲ್ಲ. ಬೇಡ ಅಂದರೆ ವಾದಕ್ಕೆ ಬರುವವರು ಇದಕ್ಕೆ ಬರುವುದಿಲ್ಲ.

ಒಂದು ಮಾತು. ಸ್ಪೇನ್‌ನ ಜನ ಪರಸ್ಪರ ಇಷ್ಟೆಲ್ಲ ನಯ ಮಾಡುವುದಿಲ್ಲ. ಕಾಫಿ ಅಂಗಡಿಯಲ್ಲಿ ‘ಮೆ ಪೊನೆಸ್ ಉನ್ ಕಫೆ?’ ಅಂತ ವರ್ತಮಾನದಲ್ಲೇ ಕೇಳುತ್ತಾರೆ. ಅದು ಒರಟು ಅಂತ ತಿಳಿಯಬೇಡಿ. ಕೆಲಸ ಮಾಡಿಕೊಡುವ ನಾವು ಪೊದ್ರೀಯ ಹಾಕಿದರೆ ನಷ್ಟ ಇಲ್ಲ.

ಊಹೆ: ಗೈಡ್‌ಗೆ ಇದಕ್ಕಿಂತ ಒಳ್ಳೆಯ ಸಾಧನ ಇಲ್ಲ

ನಡೆದುಹೋದ ಕಾಲದ ಬಗ್ಗೆ ಅಂದಾಜು ಹೇಳಲು ಸ್ಪ್ಯಾನಿಷ್ ಕಂಡಿಷನಲ್ ಬಳಸುತ್ತದೆ. ಕನ್ನಡದಲ್ಲಿ ‘ಇದ್ದಿರಬೇಕು’, ‘ಆಗಿರಬೇಕು’ ಅನ್ನುತ್ತೇವಲ್ಲ, ಅದು. ‘ಸೆರೀಯನ್ ಲಾಸ್ ದಿಯೆಸ್’, ಆಗ ಹತ್ತು ಗಂಟೆ ಆಗಿರಬೇಕು. ಎಲ್ಲ ಪುಸ್ತಕಗಳಲ್ಲೂ ಉದಾಹರಣೆ ಗಂಟೆಯದೇ. ಅದಕ್ಕೇ ಹುಡುಗರು ಇದನ್ನು ಗಂಟೆಗೆ ಮಾತ್ರ ಅಂದುಕೊಂಡು ಮರೆತುಬಿಡುತ್ತಾರೆ.

ನಮ್ಮೂರಿನ ಕೋಟೆ ಬಾಗಿಲ ಒಳಗೆ ನಿಂತು ಯೋಚಿಸಿ. ಇಲ್ಲಿ ಯಾರಿದ್ದರು, ಈ ಕಲ್ಲಿನ ಗುಂಡಿ ಯಾತಕ್ಕೆ, ಈ ಕೋಣೆ ಏನು ಅಂತ ಕೇಳುತ್ತಾರೆ. ಶಾಸನದಲ್ಲಿ ಇದ್ದರೆ ಖಚಿತವಾಗಿ ಹೇಳಬಹುದು. ಇಲ್ಲದಿದ್ದರೆ ಅಂದಾಜೇ. ‘ಎಸ್ತೊ ಸೆರೀಯ ಉನ ಕೊಸೀನ’, ಇದು ಅಡುಗೆಮನೆ ಇದ್ದಿರಬೇಕು. ‘ಆಕಿ ಬಿಬಿರೀಯನ್ ಲೋಸ್ ಸೊಲ್ದಾದೊಸ್’, ಇಲ್ಲಿ ಸೈನಿಕರು ಇರುತ್ತಿದ್ದಿರಬೇಕು. ಬಹುಶಃ, ನನಗನಿಸಿದಂತೆ, ಕೆಲವರ ಪ್ರಕಾರ, ಯಾವುದೂ ಬೇಡ. ಬಾಲವೇ ಹೇಳುತ್ತದೆ ಇದು ಊಹೆ ಅಂತ.

ಗೊತ್ತಿರುವುದಕ್ಕೆ ಇದನ್ನು ಹಾಕಬಾರದು. ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ 1520ರ ಸುಮಾರಿಗೆ ವಿಜಯನಗರ ನೋಡಿ ಬರೆದಿಟ್ಟಿದ್ದಾನೆ. ಅದು ಆದದ್ದು, ಹಾಗಾಗಿ ‘ಎಸ್ಕ್ರಿಬಿಯೊ’, ಬರೆದನು. ಅವನು ಯಾವ ದಿಡ್ಡಿಯಿಂದ ಊರೊಳಗೆ ಬಂದಿರಬೇಕು ಅಂತ ನೀವು ಕೈ ತೋರಿಸಿ ಹೇಳುವುದಾದರೆ ಅಲ್ಲಿ ‘ಎಂತ್ರರೀಯ’. ನಮ್ಮ ಕಡೆ ಕೆಲವರು ಊಹೆಯನ್ನೂ ಇತಿಹಾಸದ ದನಿಯಲ್ಲಿ ಹೇಳುತ್ತಾರೆ. ಈ ಒಂದು ರೂಪ ಕಲಿತರೆ ಸ್ಪ್ಯಾನಿಷ್‌ನಲ್ಲಾದರೂ ಆ ಚಾಳಿ ಬಿಡಬಹುದು.

ಅಂದಿದ್ದ, ಬರಲಿಲ್ಲ

ಇನ್ನೊಬ್ಬರ ಮಾತನ್ನು ದಾಟಿಸುವಾಗ ಕನ್ನಡ ಕಾಲ ಬದಲಿಸುವುದಿಲ್ಲ. ‘ನಾಲ್ಕಕ್ಕೆ ಬರ್ತೀನಿ ಅಂದ’. ಅವನ ಮಾತು ಹಾಗೇ ಇರುತ್ತದೆ, ಹಿಂದೆ ಒಂದು ‘ಅಂದ’ ಬಂದರೆ ಆಯಿತು. ಸ್ಪ್ಯಾನಿಷ್‌ನಲ್ಲಿ ಆ ‘ಬರ್ತೀನಿ’ ಕಂಡಿಷನಲ್ ಆಗಬೇಕು. ‘ಎಲ್ ಬರ್ಕೆರೊ ದಿಹೊ ಕೆ ಬೆಂದ್ರೀಯ ಆ ಲಾಸ್ ಕ್ವಾತ್ರೊ, ಪೆರೊ ನೊ ಬಿನೊ’. ಹರಿಗೋಲಿನವನು ನಾಲ್ಕಕ್ಕೆ ಬರ್ತೀನಿ ಅಂದಿದ್ದ, ಬರಲಿಲ್ಲ. ಈ ವಾಕ್ಯ ಬಾಯಿಪಾಠ ಮಾಡಿ, ಬೇಕಾಗುತ್ತದೆ.

ಹಿಂದೆ ನಿಂತು ಮುಂದಕ್ಕೆ ನೋಡುವ ಕಾಲ ಇದು. ಬೆನೆಜುವೆಲಾದಲ್ಲಿ ಹುಟ್ಟಿ ಚಿಲಿಯಲ್ಲಿ ಕೆಲಸ ಮಾಡಿದ ಆಂದ್ರೆಸ್ ಬೆಯೊ 1847ರ ತನ್ನ ವ್ಯಾಕರಣದಲ್ಲಿ ಇದಕ್ಕೆ ‘ಪೊಸ್‌ಪ್ರೆತೆರಿತೊ’ ಅಂತ ಹೆಸರಿಟ್ಟ. ಭೂತದ ನಂತರದ್ದು ಅಂತ. ಮೆಕ್ಸಿಕೊದವರು ಶಾಲೆಯಲ್ಲಿ ಕಲಿಯುವ ಹೆಸರು ಇದೇ, ಹಾಗಾಗಿ ಅವರ ಹತ್ತಿರ ಕಂಡಿಷನಲ್ ಅಂದರೆ ಒಂದು ಕ್ಷಣ ಯೋಚಿಸುತ್ತಾರೆ. ನನ್ನ ಪ್ರಕಾರ ಬೆಯೊ ಇಟ್ಟ ಹೆಸರೇ ಚೆನ್ನ. ಆ ಹೆಸರು ಇದ್ದಿದ್ದರೆ ನಮ್ಮ ಹುಡುಗರು ‘ರೆ’ ಹಿಂದೆ ಓಡುತ್ತಿರಲಿಲ್ಲ.

ಸಿ: ಈಗ ‘ರೆ’ಗೆ ಬರೋಣ

‘ಸಿ’ ಅಂದರೆ ನಮ್ಮ ‘ರೆ’. ಅದರ ಬೆನ್ನಿಗೇ ಕಂಡಿಷನಲ್ ಹಾಕುವಂತಿಲ್ಲ. ಅಲ್ಲಿ ಕಲ್ಪನೆ, ಬಯಕೆಯ ಮಾತಿಗೆ ಬಳಸುವ ಸಬ್ಜಂಕ್ಟಿವ್‌ನ ಭೂತಕಾಲ ಬರಬೇಕು. ಅದನ್ನು ಕಟ್ಟುವುದು ಹೀಗೆ: ‘ಅವರು ಮಾಡಿದರು’ ಅನ್ನುವ ಭೂತಕಾಲ ತಗೊಳ್ಳಿ, ಕೊನೆಯ ‘ರೊನ್’ ತೆಗೆದು ‘ರ’ ಹಾಕಿ. ತುಬಿಯೆರೊನ್ ತುಬಿಯೆರ ಆಗುತ್ತದೆ, ಪುದಿಯೆರೊನ್ ಪುದಿಯೆರ, ಫುವೆರೊನ್ ಫುವೆರ. ಇದಕ್ಕೆ ಅಪವಾದವೇ ಇಲ್ಲ.

‘ಸಿ ತುಬಿಯೆರ ದಿನೆರೊ, ಇರೀಯ ಆ ಎಸ್ಪಾನ್ಯ’. ದುಡ್ಡು ಇದ್ದರೆ ಸ್ಪೇನ್‌ಗೆ ಹೋಗುತ್ತಿದ್ದೆ. ‘ಅಣ್ಣಾ, ಎರಡೂ ಕಡೆ ರೀಯ ಹಾಕಿದ್ರೆ ಕಿವಿಗೆ ಚೆಂದ ಕೇಳುತ್ತಲ್ರೀ’ ಅಂತ ಒಬ್ಬಳು ಕೇಳಿದಳು. ಕೇಳುತ್ತದೆ. ಸ್ಪೇನ್‌ನ ಉತ್ತರ ಭಾಗದಲ್ಲಿ, ಬಾಸ್ಕ್ ಕಡೆ, ‘ಸಿ ತೆಂದ್ರೀಯ’ ಅನ್ನುವ ಜನ ಇದ್ದಾರೆ ಕೂಡ. ಆದರೆ ಉಳಿದವರು ಅದನ್ನು ತಪ್ಪು ಅಂತಾರೆ, ಪರೀಕ್ಷೆಯಲ್ಲೂ ತಪ್ಪೇ.

ಷರತ್ತು ನಿಜವಾಗಿ ಆಗಬಹುದಾದದ್ದಾದರೆ ಇದ್ಯಾವುದೂ ಬೇಡ. ‘ಸಿ ಯುವೆಬೆ, ನೊ ಕ್ರುಸಾಮೊಸ್’. ಮಳೆ ಬಂದರೆ ದಾಟಲ್ಲ. ಎರಡೂ ಕಡೆ ವರ್ತಮಾನ. ಮೋಡವೇ ಇಲ್ಲದ ಜನವರಿಯಲ್ಲಿ ಸುಮ್ನೆ ಕಲ್ಪಿಸಿಕೊಂಡು ಹೇಳುವುದಾದರೆ ‘ಸಿ ಯೊಬಿಯೆರ, ನೊ ಕ್ರುಸರೀಯಮೊಸ್’. ಕನ್ನಡದ ‘ಬಂದರೆ’ ಎರಡಕ್ಕೂ ಒಂದೇ, ಹಾಗಾಗಿ ಇಲ್ಲಿ ನಿಮ್ಮ ಮನಸ್ಸನ್ನೇ ಕೇಳಿಕೊಳ್ಳಬೇಕು: ಆಗಬಹುದು ಅನಿಸುತ್ತಾ, ಇಲ್ವಾ?

‘ಸಿ’ಗೆ ಇನ್ನೊಂದು ಕೆಲಸ ಇದೆ. ‘ಹತ್ತಬಹುದಾ ಅಂತ ಕೇಳಿದಳು’ ಅನ್ನುವಾಗಿನ ‘ಆ ಅಂತ’. ‘ಮೆ ಪ್ರೆಗುಂತೊ ಸಿ ಪೊದ್ರೀಯ ಸುಬಿರ್’. ಇಲ್ಲಿ ಸಿ ಪಕ್ಕದಲ್ಲೇ ಕಂಡಿಷನಲ್ ಇದೆ, ಮತ್ತು ಸರಿಯಾಗಿಯೇ ಇದೆ. ಕನ್ನಡದಲ್ಲಿ ‘ರೆ’ ಬಂದರೆ ನಿಷೇಧ, ‘ಆ ಅಂತ’, ‘ಓ ಇಲ್ಲವೋ’ ಬಂದರೆ ಅಡ್ಡಿಯಿಲ್ಲ.

ಕಳೆದುಹೋದದ್ದಕ್ಕೆ ಅಬ್ರೀಯ ಬೇಕು. ಅಬ್ರೀಯ ಹಿಂದೆ ಆದೊ ಅಥವಾ ಇದೊ ಕೊನೆಯ ರೂಪ. ಸಿ ಕಡೆಗೆ ಉಬಿಯೆರ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಂನ 33 ಗೇಟುಗಳಲ್ಲಿ 19ನೆಯದು ಚೈನ್ ತುಂಡಾಗಿ ಕೊಚ್ಚಿಹೋಯಿತು. ಗಂಗಾವತಿ ಕಡೆಯ ಭತ್ತದ ರೈತರಿಗೆ ಆ ವಾರ ನಿದ್ದೆ ಇಲ್ಲ. ಹೊಳೆ ದಡದಲ್ಲಿ ಈ ಕಥೆ ಹೇಳಿದರೆ ಪ್ರವಾಸಿಗಳು ಕಿವಿಗೊಟ್ಟು ಕೇಳುತ್ತಾರೆ. ‘ಸಿ ಲ ಕೊಂಪ್ವೆರ್ತ ನೊ ಸೆ ಉಬಿಯೆರ ರೊತೊ, ನೊ ಸೆ ಅಬ್ರೀಯ ಪೆರ್ದಿದೊ ತಾಂತ ಆಗ್ವ’. ಗೇಟು ಮುರಿಯದಿದ್ದರೆ ಅಷ್ಟು ನೀರು ಹೋಗುತ್ತಿರಲಿಲ್ಲ. ರೊತೊ ನಿಯಮ ಮೀರಿದ ರೂಪ. ಅಬ್ರೀಯ ಜಾಗದಲ್ಲೂ ಉಬಿಯೆರ ಹಾಕಿದರೆ ಒಪ್ಪುತ್ತಾರೆ. ಎರಡೂ ಕಡೆ ಅಬ್ರೀಯ ಹಾಕಿದರೆ ಒಪ್ಪುವುದಿಲ್ಲ.

ಇನ್ನು ಬಾಯಿ ಅಭ್ಯಾಸ. ಆರು ರೂಪಗಳನ್ನು ಮಗ್ಗಿ ಹಾಗೆ ಒಪ್ಪಿಸುವುದರಿಂದ ಜಾಸ್ತಿ ಪ್ರಯೋಜನ ಕಾಣಲಿಲ್ಲ. ಅವತ್ತು ಆಡಿದ ಕನ್ನಡ ಮಾತು ಹಿಡಿದು ತಿರುಗಿಸಿದರೆ ಬೇಗ ಬರುತ್ತದೆ. ಇವನ್ನು ಪ್ರಯತ್ನಿಸಿ, ಕೆಳಗಿನದನ್ನು ಕೈಯಲ್ಲಿ ಮುಚ್ಚಿಕೊಂಡು:

ತಾವು ಚಪ್ಪಲಿ ಇಲ್ಲಿ ಬಿಡ್ತೀರಾ?
ಟೈಮ್ ಇದ್ದರೆ ನವಬೃಂದಾವನಕ್ಕೆ ಹೋಗುತ್ತಿದ್ದೆವು, ಆದರೆ ಇಲ್ಲ.
ನಮ್ಮಜ್ಜ ಈ ಹೊಳೆಯಲ್ಲಿ ಮೀನು ಹಿಡಿಯುತ್ತಿದ್ದರು.
ಬಸ್ ಐದಕ್ಕೆ ಹೊರಡುತ್ತೆ ಅಂದರು.
ಆಗ ರಾತ್ರಿ ಹನ್ನೊಂದು ಆಗಿರಬೇಕು.

ಮೊದಲನೆಯದು ‘ಪೊದ್ರೀಯ ದೆಹಾರ್ ಲೋಸ್ ಸಪಾತೊಸ್ ಆಕಿ?’ ಎರಡನೆಯದು ‘ಸಿ ತುಬಿಯೆರಮೊಸ್ ತಿಯೆಂಪೊ, ಇರೀಯಮೊಸ್ ಆ ನವಬೃಂದಾವನ, ಪೆರೊ ನೊ ತೆನೆಮೊಸ್’. ನಾಲ್ಕನೆಯದು ‘ದಿಹೆರೊನ್ ಕೆ ಎಲ್ ಆವುತೊಬುಸ್ ಸಲ್ದ್ರೀಯ ಆ ಲಾಸ್ ಸಿಂಕೊ’. ಐದನೆಯದು ‘ಸೆರೀಯನ್ ಲಾಸ್ ಒನ್ಸೆ ದೆ ಲ ನೊಚೆ’. ಮೂರನೆಯದಕ್ಕೆ ಪೆಸ್ಕರೀಯ ಅಂದಿದ್ದರೆ ವಾಪಸ್ ಹಳ್ಳದ ಭಾಗಕ್ಕೆ ಹೋಗಿ. ಅಜ್ಜ ದಿನಾ ಹಿಡಿಯುತ್ತಿದ್ದರು. ಅದು ‘ಮಿ ಅಬುವೆಲೊ ಪೆಸ್ಕಾಬ ಎನ್ ಎಸ್ತೆ ರಿಯೊ’.